ಚಿರತೆ ಬಂತು, ಚಿರತೆ ಇಲ್ಲವೆಂಬ ಸುದ್ದಿ ಬರಲಿಲ್ಲ

ಭಾನುವಾರದ ಪೂಜೆ ಮುಗಿದ ಕೂಡಲೇ ಜನ ಮನೆಗೆ ಹೊರಡುವುದಿಲ್ಲ. ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ನಮ್ಮ ಕುಟುಂಬಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ರೂಢಿ ಇದು. ಹಿಂದೆ ಆ ಹತ್ತು ನಿಮಿಷಗಳಲ್ಲಿ ಮಳೆ ಬೆಳೆಯ ಮಾತು, ಮದುವೆಯ ಪ್ರಸ್ತಾಪ, ಕಾಯಿಲೆ ಬಿದ್ದವರ ಕ್ಷೇಮ ವಿಚಾರಣೆ ನಡೆಯುತ್ತಿದ್ದವು. ಇಂದು ಅವುಗಳ ನಡುವೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ: ‘ಇದನ್ನು ನೋಡಿದಿರಾ?’ ಪ್ರಶ್ನೆಯ ಬೆನ್ನಿಗೇ ಜೇಬಿನಿಂದಲೋ ಕೈಚೀಲದಿಂದಲೋ ಮೊಬೈಲ್ ಹೊರಬರುತ್ತದೆ. ಮೂತಿಯಿಂದಲೇ ನಲ್ಲಿ ತಿರುಗಿಸಿ ನೀರು ಕುಡಿಯುವ ಹಸು, ತಾನು ಕಾವು ಕೊಟ್ಟ ಬಾತುಮರಿಗಳು ನೀರಿಗಿಳಿದಾಗ ದಡದಲ್ಲೇ ನಿಂತು ಪರಿತಪಿಸುವ ಹೇಟೆ, ಮಂಟಪದಲ್ಲಿಯೇ ನಿದ್ದೆಹೋದ ಮದುವಣಿಗ, ಹೀಗೆ ಒಂದರ ಹಿಂದೆ ಒಂದು. ನೋಡುವವರು ನಗುತ್ತಾರೆ, ‘ನನಗೂ ಕಳುಹಿಸಿ’ ಎನ್ನುತ್ತಾರೆ.

ಇದನ್ನು ಕಂಡು ಮೂಗು ಮುರಿಯುವ ಹಿರಿಯರೂ ಇದ್ದಾರೆ. ಈ ಲೇಖಕನು ಅವರ ಪಂಗಡಕ್ಕೆ ಸೇರಿದವನಲ್ಲ. ಕುವೈತಿನಲ್ಲಿ ದುಡಿಯುವ ಮಗ ರಾತ್ರಿ ಕಂಡ ಒಂದು ತಮಾಷೆಯ ದೃಶ್ಯ ಬೆಳಗಿನ ಕಾಫಿಗೆ ಮೊದಲೇ ಅಜ್ಜಂಪುರದ ತಾಯಿಯ ಕೈ ಸೇರಿರುತ್ತದೆ. ಅದರ ಜೊತೆಗೆ ಒಕ್ಕಣೆಯೇನೂ ಇರುವುದಿಲ್ಲ. ಆದರೂ ‘ಕ್ಷೇಮವಾಗಿದ್ದೇನೆ, ನಗು ಬಂದಾಗ ನಿಮ್ಮನ್ನು ನೆನೆದೆ’ ಎಂಬ ಅರ್ಥ ತಾಯಿಗೆ ಹೊಳೆಯದೆ ಇರುವುದಿಲ್ಲ. ದಿನವೂ ಪತ್ರ ಬರೆಯಲಾಗದ ಮಕ್ಕಳ ಪಾಲಿಗೆ ಇದೂ ಒಂದು ಪತ್ರವೇ. ಆದರೆ ಹಂಚಿಕೊಳ್ಳುವ ಈ ಸುಖದ ಜೊತೆಗೆ ಒಂದು ಹೊಣೆಯೂ ನಮ್ಮ ಅಂಗೈಗೆ ಬಂದು ಕುಳಿತಿದೆ. ಅದನ್ನು ಈ ಲೇಖಕನಿಗೆ ಕಲಿಸಿದ್ದು ಒಂದು ಚಿರತೆ. ಆ ಪ್ರಸಂಗಕ್ಕೆ ಬರುವ ಮುನ್ನ, ವಿಚಿತ್ರ ಸುದ್ದಿಯ ರುಚಿ ನಮಗೆ ಎಷ್ಟು ಹಳೆಯದೆಂಬುದನ್ನು ನೋಡುವುದು ಉಚಿತ.

ಹಳೆಯ ರುಚಿ

ಕನ್ನಡದ ಮೊಟ್ಟಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಊರಿನ ವರ್ತಮಾನ, ಸರ್ಕಾರದ ಆಜ್ಞೆಗಳು, ಪರದೇಶಗಳ ಸಮಾಚಾರಗಳ ಜೊತೆಯಲ್ಲಿ ಆಶ್ಚರ್ಯಕರ ಸುದ್ದಿಗಳಿಗೂ ಆ ಪುಟ್ಟ ಪತ್ರಿಕೆ ಸ್ಥಳ ಕೊಟ್ಟಿತ್ತು. ಓದುಗನಿಗೆ ತಿಳಿವಳಿಕೆ ಬೇಕು, ಅದರೊಡನೆ ಬೆರಗೂ ಬೇಕು ಎಂಬುದನ್ನು ಕನ್ನಡದ ಮೊದಲ ಸಂಪಾದಕರೇ ಅರಿತಿದ್ದರು.

ನಮ್ಮ ಸೀಮೆಗೆ ಸುದ್ದಿ ಬರುತ್ತಿದ್ದುದು ರೈಲಿನಲ್ಲಿ. ಕಡೂರು ದಾಟಿ ಬೀರೂರು ಜಂಕ್ಷನ್ನಿಗೆ ಬಂದ ಹಳಿ ಅಲ್ಲಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯತ್ತ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದತ್ತ ಸಾಗುತ್ತದೆ. ಪತ್ರಿಕೆಯ ಕಟ್ಟು ಇಳಿಯುವ ಮುನ್ನವೇ ಪ್ರಯಾಣಿಕರ ಬಾಯಿಂದ ಸುದ್ದಿ ಇಳಿದಿರುತ್ತಿತ್ತು. ಇನ್ನು ತರೀಕೆರೆಯ ಕೆರೆ ಏರಿಯ ಮೇಲೆ ಮೇಯುತ್ತಿದ್ದ ಆ ಮೂರು ಕರಿಕುರಿಮರಿಗಳನ್ನು ಅರಿಯದ ಕನ್ನಡಿಗರುಂಟೇ? ನಾಲಿಗೆ ತೊಡರುವ ಆ ಒಂದು ವಾಕ್ಯವನ್ನು ಯಾವ ಯಂತ್ರವೂ ಹರಡಲಿಲ್ಲ. ಶಾಲೆಯ ಅಂಗಳದಿಂದ ಶಾಲೆಯ ಅಂಗಳಕ್ಕೆ, ಅಜ್ಜಿಯಿಂದ ಮೊಮ್ಮಗುವಿಗೆ ಅದು ನಡೆದುಕೊಂಡೇ ನಾಡನ್ನೆಲ್ಲ ಸುತ್ತಿತು. ತರೀಕೆರೆಯನ್ನು ಕಣ್ಣಿಂದ ಕಾಣದವರೂ ಆ ಕುರಿಮರಿಗಳ ಹೆಸರು ಕೇಳಿ ನಗುತ್ತಾರೆ. ಯಾರಿಗೂ ಕೇಡು ಮಾಡದ, ಯಾರನ್ನೂ ಹಂಗಿಸದ ತಮಾಷೆ ಎಷ್ಟು ದೀರ್ಘಾಯುಷಿಯಾಗಬಲ್ಲದು ಎಂಬುದಕ್ಕೆ ಅದೊಂದು ಉದಾಹರಣೆ.

ಕೈಯಿಂದ ಕೈಗೆ ಹೋದದ್ದೆಲ್ಲವೂ ಇಷ್ಟು ನಿರಪಾಯವಾಗಿರಲಿಲ್ಲ. ಸಂತರ ಹೆಸರಿನಲ್ಲಿ ಬರುತ್ತಿದ್ದ ಸರಪಳಿ ಪತ್ರಗಳು ಹಿರಿಯರ ನೆನಪಿನಲ್ಲಿರಬಹುದು. ಇಂತಿಷ್ಟು ಪ್ರತಿ ಬರೆದು ಕಳುಹಿಸಿದರೆ ಶುಭ, ಹರಿದು ಎಸೆದರೆ ಕೇಡು ಎಂದು ಅವು ಬೆದರಿಸುತ್ತಿದ್ದವು. 1990ರ ದಶಕದಲ್ಲಿ ರಾಜ್ಯದ ಎಷ್ಟೋ ಊರುಗಳ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ಮನೆಯವರ ದನಿಯಲ್ಲಿಯೇ ಕರೆದು ಬಾಗಿಲು ತಟ್ಟುವ ದೆವ್ವವೊಂದು ಆ ಬರಹವನ್ನು ಓದಿ ಹಿಂದಿರುಗುವುದಂತೆ! ಆಗ ಅಂತರ್ಜಾಲ ನಮ್ಮ ಊರುಗಳಿಗೆ ಬಂದಿರಲಿಲ್ಲ. ಆದ್ದರಿಂದ ಸುಳ್ಳಿಗೆ ಮೊಬೈಲೇ ತಾಯಿ ಎಂದು ದೂರುವುದು ನ್ಯಾಯವಲ್ಲ. ಆದರೆ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಅಂಚೆ ಕಾರ್ಡಿನಲ್ಲಿ ಹತ್ತು ಪ್ರತಿ ಬರೆಯುವ ಹೊತ್ತಿಗೆ ಕೈ ನೋಯುತ್ತಿತ್ತು. ಕೈ ನೋಯುವಾಗ ‘ಇದೆಲ್ಲ ನಿಜವೇ?’ ಎಂದು ಕೇಳಿಕೊಳ್ಳಲು ಬುದ್ಧಿಗೆ ಬಿಡುವು ಸಿಗುತ್ತಿತ್ತು. ಇಂದು ಬೆರಳು ನೋಯುವುದಿಲ್ಲ.

ಓಟಗಾರನ ವಿವೇಕ

ನಮ್ಮ ರಾಜ್ಯದಿಂದ ಹೊರಟು ಜಗತ್ತನ್ನೇ ಸುತ್ತಿದ ಕುತೂಹಲದ ಸುದ್ದಿಯೊಂದನ್ನು ಇಲ್ಲಿ ಸ್ಮರಿಸಬಹುದು. 2020ರ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ತಮ್ಮ ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಲೆಕ್ಕದ ಜಾಣರು ಇದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಸಾರಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಕೆಸರುಗದ್ದೆಯಲ್ಲಿ ಓಡಿದ ಕಟ್ಟಡ ಕಾರ್ಮಿಕನೊಬ್ಬ ಬೋಲ್ಟನನ್ನೇ ಮೀರಿಸಿದನೆಂಬ ವಾರ್ತೆಯೂ ಆ ಓಟದ ದೃಶ್ಯವೂ ಕೆಲವೇ ದಿನಗಳಲ್ಲಿ ಮನೆಮನೆ ತಲುಪಿದವು. ಕೇಂದ್ರದ ಅಂದಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಪರೀಕ್ಷಾ ಓಟಕ್ಕೆ ಕರೆಸುವುದಾಗಿ ಪ್ರಕಟಿಸಿದರು.

ಕಳುಹಿಸಿದ ಲಕ್ಷಾಂತರ ಮಂದಿಗೆ ಹೊಳೆಯದ ಮಾತು ಓಡಿದವರಿಗೆ ಹೊಳೆದಿತ್ತು. ಬೋಲ್ಟ್ ವಿಶ್ವಚಾಂಪಿಯನ್, ತಾವು ಗದ್ದೆಯಲ್ಲಿ ಓಡುವವರು. ಕಂಬಳದ ಓಟಕ್ಕೂ ಮೈದಾನದ ಓಟಕ್ಕೂ ವ್ಯತ್ಯಾಸವಿದೆ. ಅಲ್ಲಿ ಊರುವುದು ಹಿಮ್ಮಡಿ, ಇಲ್ಲಿ ಊರುವುದು ಕಾಲ್ಬೆರಳು ಎಂದು ಅವರು ವಿನಯದಿಂದಲೇ ತಿಳಿಸಿ, ಪರೀಕ್ಷಾ ಓಟಕ್ಕೆ ಹೋಗಲು ಒಪ್ಪಲಿಲ್ಲ. ಮುಂದೆ ಓಡುವ ಕೋಣಗಳ ಬಲ ಓಟಗಾರನನ್ನು ಸೆಳೆಯುತ್ತದೆಂಬುದನ್ನೂ, ಎರಡು ಓಟಗಳ ಅಳತೆಗೋಲು ಒಂದೇ ಅಲ್ಲವೆಂಬುದನ್ನೂ ಕಂಬಳ ಬಲ್ಲವರು ಅರಿತೇ ಇದ್ದರು. ಗೌಡರ ಓಟ ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ. ಆ ಅದ್ಭುತಕ್ಕೆ ಬೋಲ್ಟನ ಹೆಸರನ್ನು ಅಂಟಿಸಿದ್ದು ಮಾತ್ರ ಹಂಚುವವರ ಆತುರ. ಸುದ್ದಿ ನಿಜವಾಗಿದ್ದೂ ಅದರ ತಲೆಬರಹ ದಾರಿ ತಪ್ಪಿಸಬಹುದು ಎಂಬುದು ಇಲ್ಲಿನ ಪಾಠ.

ಜಗದ್ಗುರುಗಳ ಕೋಟು

ಎರಡನೆಯ ಪ್ರಸಂಗ ನಮ್ಮ ಮನೆಯದ್ದೇ ಎನ್ನಬಹುದು. 2023ರ ಮಾರ್ಚ್ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಹತ್ತಿ ತುಂಬಿದಂತೆ ಉಬ್ಬಿದ ಬಿಳಿಯ ಚಳಿಗಾಲದ ಕೋಟು ತೊಟ್ಟು, ಎದೆಯ ಮೇಲೆ ಶಿಲುಬೆ ಧರಿಸಿ ನಡೆದುಬರುವ ಚಿತ್ರವೊಂದು ಜಗತ್ತನ್ನೆಲ್ಲ ಸುತ್ತಿತು. ನಮ್ಮ ಕುಟುಂಬಗಳ ಗುಂಪುಗಳಿಗೂ ಅದು ಬಂತು. ‘ಈ ವಯಸ್ಸಿನಲ್ಲಿಯೂ ಎಂತಹ ಠೀವಿ!’ ಎಂದು ಕೆಲವರು ಮೆಚ್ಚಿದರು. ‘ಬಡವರ ಪೋಪ್ ಎಂದಿದ್ದೆವಲ್ಲ, ಇದೇನು?’ ಎಂದು ಕೆಲವರು ನೊಂದರು. ಮೆಚ್ಚಿದ್ದೂ ನೊಂದದ್ದೂ ಇಲ್ಲದ ಕೋಟಿನ ವಿಷಯದಲ್ಲಿ! ಆ ಚಿತ್ರವನ್ನು ಯಾವ ಕ್ಯಾಮರಾವೂ ತೆಗೆದಿರಲಿಲ್ಲ. ಮಿಡ್‌ಜರ್ನಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅದನ್ನು ರಚಿಸಿತ್ತು.

2018ರ ಜನವರಿಯಲ್ಲಿ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕೆ ನೀಡಿದ ಸಂದೇಶದಲ್ಲಿ ಇದೇ ಜಗದ್ಗುರುಗಳು ಸುಳ್ಳು ಸುದ್ದಿಯನ್ನೇ ವಿಷಯವಾಗಿ ಆರಿಸಿಕೊಂಡು, ಏದೆನ್ ತೋಟದ ಸರ್ಪವನ್ನು ಅದರ ಆದಿಕರ್ತೃವಾಗಿ ತೋರಿಸಿದ್ದರು. ಸರ್ಪ ಆಡಿದ ಮಾತಿನಲ್ಲಿ ಸತ್ಯದ ಲೇಪವಿತ್ತು, ಆದ್ದರಿಂದಲೇ ಅದು ನಂಬಿಕೆಗೆ ಪಾತ್ರವಾಯಿತು. 2024ರ ಸಂದೇಶದಲ್ಲಿ ಕೃತಕ ಚಿತ್ರಗಳ ಪ್ರಸ್ತಾಪ ಬಂದಾಗ, ತಾವೂ ಅದಕ್ಕೆ ಗುರಿಯಾದವರೆಂದು ಕಂಸದೊಳಗಿನ ಒಂದು ಚಿಕ್ಕ ವಾಕ್ಯದಲ್ಲಿ ತಿಳಿಸಿದರು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದರು. ಅವರು ಎಂದೂ ತೊಡದ ಆ ಕೋಟು ಮಾತ್ರ ಇಂದಿಗೂ ಅಂತರ್ಜಾಲದಲ್ಲಿ ಉಳಿದಿದೆ.

ಅಜ್ಜಂಪುರದ ದಾರಿಯ ಚಿರತೆ

ಈಗ ಚಿರತೆಯ ವಿಷಯ. ಕೆಲವು ವರ್ಷಗಳ ಹಿಂದೆ, ಈರುಳ್ಳಿ ಕೀಳುವ ಕಾಲದಲ್ಲಿ, ಬಂಧುವೊಬ್ಬರಿಂದ ಈ ಲೇಖಕನಿಗೆ ಅರ್ಧ ನಿಮಿಷದ ದೃಶ್ಯವೊಂದು ಬಂತು. ರಾತ್ರಿಯ ಹೊತ್ತು, ವಾಹನದ ದೀಪದ ಬೆಳಕು, ಕಾಂಪೌಂಡ್ ಗೋಡೆಯಿಂದ ಹಾರಿ ರಸ್ತೆ ದಾಟುವ ಒಂದು ಚಿರತೆ. ಕೆಳಗೆ ‘ತರೀಕೆರೆ-ಅಜ್ಜಂಪುರ ರಸ್ತೆ, ನಿನ್ನೆ ರಾತ್ರಿ, ಎಲ್ಲರೂ ಎಚ್ಚರಿಕೆಯಿಂದಿರಿ’ ಎಂಬ ಒಕ್ಕಣೆ. ಮರುಯೋಚನೆ ಮಾಡದೆ ಅದನ್ನು ನಲವತ್ತು ಮಂದಿ ಇರುವ ಕುಟುಂಬದ ಗುಂಪಿಗೆ ಕಳುಹಿಸಿದ್ದಾಯಿತು. ಎಚ್ಚರಿಸಿದೆನೆಂಬ ತೃಪ್ತಿ ಅರ್ಧ, ಎಲ್ಲರಿಗಿಂತ ಮೊದಲು ತಿಳಿಸಿದೆನೆಂಬ ಹೆಮ್ಮೆ ಅರ್ಧ.

ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ಬಲ್ಲವರಿಲ್ಲ. ಮರುದಿನ ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ ಚಿಕ್ಕಮ್ಮನವರ ಹೊಲಕ್ಕೆ ಕೂಲಿಯ ಹೆಂಗಸರು ಬರಲಿಲ್ಲ. ಬೆಳಕು ಹರಿಯುವ ಮುನ್ನ ಕಾಲುದಾರಿಯಲ್ಲಿ ನಡೆದುಬರಬೇಕಾದ ಅವರು ಹೆದರಿ ಮನೆಯಲ್ಲಿಯೇ ಉಳಿದರು. ಒಂದು ದಿನವಲ್ಲ, ಮೂರು ದಿನ. ಮೂರನೆಯ ದಿನ ಮಳೆ ಸುರಿಯಿತು. ಕಿತ್ತು ಹರಡಿದ್ದ ಈರುಳ್ಳಿಯೂ ಕೀಳದೆ ಉಳಿದದ್ದೂ ಒಟ್ಟಿಗೆ ನೆನೆದು ಕೊಳೆಯತೊಡಗಿದವು.

ಆ ಸಂಜೆ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಅದೇ ದೃಶ್ಯವನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿ, ‘ಮಾವ, ಇದರಲ್ಲಿ ಮಾತನಾಡುತ್ತಿರುವವರು ಮರಾಠಿಯವರು. ಕಾರಿನ ನಂಬರೂ ಮಹಾರಾಷ್ಟ್ರದ್ದೇ’ ಎಂದ. ಮತ್ತೆ ನೋಡಿದರೆ ಹುಡುಗನ ಮಾತು ಸರಿ. ದನಿ ಅಲ್ಲಿಯೇ ಇತ್ತು, ಅಂಕಿಗಳೂ ಅಲ್ಲಿಯೇ ಇದ್ದವು. ಚಿರತೆಯನ್ನು ನೋಡುವ ಆತುರದಲ್ಲಿ ಬೇರೇನೂ ಕಂಡಿರಲಿಲ್ಲ, ಕೇಳಿರಲಿಲ್ಲ.

ತಪ್ಪೊಪ್ಪಿಗೆಗೆಂದು ಮುಂದಿನ ಭಾನುವಾರ ಅಜ್ಜಂಪುರಕ್ಕೆ ಹೋದದ್ದುಂಟು. ಚಿಕ್ಕಮ್ಮ ಹೆಚ್ಚೇನೂ ಆಡಲಿಲ್ಲ. ಹೊಲದಲ್ಲಿದ್ದ ಕೂಲಿಯ ಹೆಂಗಸೊಬ್ಬರಿಗೆ ವಿಷಯ ತಿಳಿಸಿ, ಮೂರು ದಿನದ ಕೂಲಿ ತನ್ನಿಂದ ನಷ್ಟವಾಯಿತೆಂದು ಹೇಳಿದಾಗ, ಆಕೆ ಈರುಳ್ಳಿಯ ಗರಿ ಕೊಯ್ಯುತ್ತಲೇ ಹೀಗೆಂದರು: ‘ಚಿರ್ತೆ ಬಂತು ಅಂತ ಎಲ್ರಿಗೂ ಸುದ್ದಿ ಬಂತು ಅಣ್ಣ. ಚಿರ್ತೆ ಇಲ್ಲ ಅಂತ ಯಾರ್ಗೂ ಬರ್ಲಿಲ್ಲ.’ ಮನೆಗೆ ಬಂದು ಕುಟುಂಬದ ಗುಂಪನ್ನು ತೆರೆದು ನೋಡಿದಾಗ ಆ ಮಾತಿನ ಭಾರ ತಿಳಿಯಿತು. ಹುಡುಗ ತಿದ್ದಿ ನಾಲ್ಕು ದಿನ ಕಳೆದಿದ್ದರೂ ಅಲ್ಲಿ ತಿದ್ದುಪಡಿಯ ಒಂದು ಸಾಲೂ ಇರಲಿಲ್ಲ. ಅದನ್ನು ಬರೆಯಬೇಕಾಗಿದ್ದವನು ಈ ಲೇಖಕನೇ.

ನಗೆ ಹಗೆಯಾದಾಗ

ಕೊಳೆತದ್ದು ಈರುಳ್ಳಿಯಷ್ಟೇ ಎಂಬುದು ನಮ್ಮ ಪುಣ್ಯ. 2018ರಲ್ಲಿ ದೇಶದ ಹಲವು ಕಡೆ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಹೋದದ್ದು ಮನುಷ್ಯರ ಪ್ರಾಣ. ಆಗ ಹರಿದಾಡಿದ ಒಂದು ದೃಶ್ಯದಲ್ಲಿ ಬೈಕಿನ ಮೇಲೆ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ವಾಸ್ತವವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಪ್ರಚಾರಕ್ಕಾಗಿ ಚಿತ್ರಿಸಿದ ಅಭಿನಯ. ಮೂಲದಲ್ಲಿ ಬೈಕಿನವರು ಮಗುವನ್ನು ಹಿಂದಿರುಗಿಸಿ, ಪೋಷಕರಿಗೆ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಕೊನೆಯ ಆ ಭಾಗವನ್ನು ಕತ್ತರಿಸಿ ಹಾಕಿದ್ದರು. ಮಕ್ಕಳನ್ನು ಕಾಯಲೆಂದು ತೆಗೆದ ಚಿತ್ರ ಅಮಾಯಕರನ್ನು ಕೊಲ್ಲುವ ಆಯುಧವಾಯಿತು.

ಆ ವರ್ಷದ ಜುಲೈ 13ರಂದು ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರ ಮೇಲೆ ಅನುಮಾನಪಟ್ಟವರ ಸಂದೇಶ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರನ್ನು ತಲುಪಿತು. ಮುರ್ಕಿ ಗ್ರಾಮದಲ್ಲಿ ಕೆರಳಿದ ಗುಂಪು ಅವರನ್ನು ಅಡ್ಡಗಟ್ಟಿ ಥಳಿಸಿತು. ತಡೆಯಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಯುವ ಇಂಜಿನಿಯರ್ ಒಬ್ಬರು ಅಸುನೀಗಿದರು. ಇಂತಹ ಘಟನೆಗಳ ತರುವಾಯ ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಮಿತಿ ಹಾಕಲು ಮುಂದಾಯಿತು. ಹಲವು ಕೈ ದಾಟಿ ಬಂದ, ಜೋಡಿ ಬಾಣದ ಗುರುತಿರುವ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ 2020ರ ಏಪ್ರಿಲಿನಲ್ಲಿ ಬಂತು.

ಭಯದ ಸುದ್ದಿಯಷ್ಟೇ ಅಪಾಯಕಾರಿ ಎಂದು ತಿಳಿಯಬಾರದು. ನಗೆಯ ಚಿತ್ರಕ್ಕೂ ಹಲ್ಲುಗಳಿವೆ. 2017ರಲ್ಲಿ ಕೊಚ್ಚಿ ಮೆಟ್ರೊ ಆರಂಭವಾದ ಹೊಸದರಲ್ಲಿ, ಆಸನದ ಮೇಲೆ ಮಲಗಿದ್ದ ವ್ಯಕ್ತಿಯೊಬ್ಬರ ಚಿತ್ರವನ್ನು ‘ಕುಡುಕನ ಮೆಟ್ರೊ ಯಾನ’ವೆಂಬಂತೆ ಜನ ಹಂಚಿಕೊಂಡು ನಕ್ಕರು. ಆತ ಕುಡಿದಿರಲಿಲ್ಲ. ಕಿವಿ ಕೇಳದ, ಮಾತು ಬಾರದ ಆತ ಆಸ್ಪತ್ರೆಯಲ್ಲಿದ್ದ ಸಹೋದರನನ್ನು ಕಂಡು, ದಣಿದು ಮರಳುತ್ತಿದ್ದರು. ನಗುವ ಲೋಕಕ್ಕೆ ‘ನಾನು ಕುಡುಕನಲ್ಲ’ ಎಂದು ಕೂಗಿ ಹೇಳುವ ನಾಲಿಗೆಯೂ ಆತನಿಗಿರಲಿಲ್ಲ. ಈ ಘಟನೆಯನ್ನು ಆಧರಿಸಿ 2019ರಲ್ಲಿ ‘ವಿಕೃತಿ’ ಎಂಬ ಮಲಯಾಳಂ ಚಲನಚಿತ್ರ ಬಂತು. ನಮ್ಮ ಅಂಗೈಯ ಪರದೆಯ ಮೇಲೆ ಜಾರಿ ಬೀಳುವ, ತೊದಲುವ, ನಿದ್ದೆಹೋಗುವ ಪ್ರತಿಯೊಬ್ಬರಿಗೂ ಒಂದು ಊರಿದೆ, ಒಂದು ಮನೆಯಿದೆ ಎಂಬುದನ್ನು ನಾವು ಮರೆಯುವುದುಂಟು.

ಹಂಚುವ ಮುನ್ನ

ಹಾಗಾದರೆ ಮೊಬೈಲನ್ನು ಮುಚ್ಚಿಡಬೇಕೇ? ಖಂಡಿತ ಬೇಡ. ಕುರಿಮರಿಗಳನ್ನು ನಾಡಿಗೆ ಹಂಚಿದ ಸೀಮೆಯವರು ನಾವು. ಆದರೆ ಕಳುಹಿಸುವವನು ಸುದ್ದಿಗೆ ಸಾಕ್ಷಿಯಾಗುತ್ತಾನೆ. ತಾಯಿಯು ಮಗನನ್ನು ನಂಬುತ್ತಾಳೆ, ಮಗ ಎಲ್ಲಿಂದ ತಂದನೆಂದು ಕೇಳುವುದಿಲ್ಲ. ನಮ್ಮ ಹೆಸರಿನ ಮೇಲಿನ ಆ ನಂಬಿಕೆಯನ್ನು ಅಪರಿಚಿತನೊಬ್ಬನಿಗೆ ಸಾಲವಾಗಿ ಕೊಡುವ ಮುನ್ನ ಕೆಲವು ಸರಳ ಪರೀಕ್ಷೆಗಳನ್ನು ಮಾಡಬಹುದು.

ಮೊದಲು, ಕಣ್ಣಿನಿಂದ ನೋಡಿದ್ದನ್ನು ಕಿವಿಯಿಂದಲೂ ಕೇಳಬೇಕು. ಹಿನ್ನೆಲೆಯ ಮಾತು ಯಾವ ಭಾಷೆ, ಅಂಗಡಿಯ ಫಲಕ ಯಾವ ಲಿಪಿ, ವಾಹನದ ಸಂಖ್ಯೆ ಯಾವ ರಾಜ್ಯದ್ದು ಎಂಬುದನ್ನು ಗಮನಿಸಿದರೆ ಅರ್ಧ ಸುಳ್ಳು ಅಲ್ಲಿಯೇ ಸಿಕ್ಕಿಬೀಳುತ್ತದೆ. ಎರಡನೆಯದಾಗಿ, ದಿನಾಂಕ. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕಡೂರು ತಾಲ್ಲೂಕಿನ ಮದಗದ ಕೆರೆ ಕೋಡಿ ಬಿದ್ದ ದೃಶ್ಯ ಕಂಡರೆ ಯಾರಿಗೆ ಸಂತೋಷವಾಗದು? ಆದರೆ ಅದು ಈ ವರ್ಷದ ಕೋಡಿಯೋ ಹಿಂದಿನ ವರ್ಷದ್ದೋ ಎಂಬುದನ್ನು ನೀರು ತಾನಾಗಿ ಹೇಳುವುದಿಲ್ಲ. ದೃಶ್ಯ ನಿಜ, ವರ್ಷ ಸುಳ್ಳಾದರೆ ನಂಬಿ ಬಂದ ರೈತನ ಲೆಕ್ಕಾಚಾರವೂ ಸುಳ್ಳಾಗುತ್ತದೆ. ಮೂರನೆಯದಾಗಿ, ಬಲ್ಲವರನ್ನು ಕೇಳುವುದು. ಚಿರತೆಯ ವಿಷಯವಾದರೆ ಕಡೂರು, ತರೀಕೆರೆಗಳಲ್ಲಿ ಅರಣ್ಯ ಇಲಾಖೆಯ ವಲಯ ಕಚೇರಿಗಳಿವೆ. ಒಂದು ದೂರವಾಣಿ ಕರೆ ಸಾಕು. ನಾಲ್ಕನೆಯದಾಗಿ, ದೃಶ್ಯದಲ್ಲಿರುವ ವ್ಯಕ್ತಿ ನಮ್ಮ ಅಣ್ಣನೋ ತಾಯಿಯೋ ಆಗಿದ್ದರೆ ಇದನ್ನು ಕಳುಹಿಸುತ್ತಿದ್ದೆವೇ ಎಂದು ಕೇಳಿಕೊಳ್ಳುವುದು. ಉತ್ತರ ‘ಇಲ್ಲ’ ಎಂದಾದರೆ ಬೆರಳನ್ನು ಹಿಂತೆಗೆಯುವುದೇ ಲೇಸು.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ತಪ್ಪಿದಾಗ ತಿದ್ದುಪಡಿಯನ್ನೂ ಅದೇ ದಾರಿಯಲ್ಲಿ ಕಳುಹಿಸುವುದು. ಸುಮ್ಮನೆ ಅಳಿಸಿ ಹಾಕಿದರೆ ನಮ್ಮ ಮೊಬೈಲ್ ಶುದ್ಧವಾದೀತು, ಊರು ಶುದ್ಧವಾಗದು.

ರೋಮ್ ನಗರದ ಸಂತ ಫಿಲಿಪ್ ನೇರಿ (1515-1595) ನಗುವಿಗೂ ಹಾಸ್ಯಕ್ಕೂ ಹೆಸರಾದವರು. ಪರರ ಸುದ್ದಿಯನ್ನು ಹಬ್ಬಿಸುತ್ತಿದ್ದ ಹೆಂಗಸೊಬ್ಬಳು ಪಾಪನಿವೇದನೆಗೆ ಬಂದಾಗ, ಕೋಳಿಯೊಂದರ ಪುಕ್ಕ ಕೀಳುತ್ತ ಬೀದಿಯುದ್ದಕ್ಕೂ ನಡೆದು ಬಾ ಎಂದು ಅವರು ಪ್ರಾಯಶ್ಚಿತ್ತ ವಿಧಿಸಿದರೆಂದೂ, ಬಂದ ಮೇಲೆ ಆ ಪುಕ್ಕಗಳನ್ನೆಲ್ಲ ಆರಿಸಿ ತಾ ಎಂದರೆಂದೂ ಪರಂಪರೆಯ ಕಥೆ ಹೇಳುತ್ತದೆ. ಗಾಳಿಗೆ ಹಾರಿದ ಪುಕ್ಕ ಆರಿಸಲು ಸಿಕ್ಕೀತೇ? ಪೂರ್ತಿ ಸಿಗದು, ನಿಜ. ಆದರೆ ಕೈಗೆ ಸಿಕ್ಕಷ್ಟನ್ನಾದರೂ ಆರಿಸಬೇಕಾದವರು ನಾವೇ ಅಲ್ಲವೇ?

ಆ ರಾತ್ರಿ ಕುಟುಂಬದ ಗುಂಪಿನಲ್ಲಿ ಈ ಲೇಖಕನು ಬರೆದದ್ದು ಎರಡೇ ಸಾಲು: ‘ಚಿರತೆಯ ದೃಶ್ಯ ನಮ್ಮ ಊರಿನದ್ದಲ್ಲ. ತಪ್ಪು ನನ್ನದು, ಯಾರಿಗೆಲ್ಲ ಕಳುಹಿಸಿದ್ದೀರೋ ಅವರಿಗೆಲ್ಲ ದಯವಿಟ್ಟು ಇದನ್ನೂ ಕಳುಹಿಸಿ.’ ನಲವತ್ತು ಮಂದಿಯಲ್ಲಿ ಎಷ್ಟು ಮಂದಿ ಕಳುಹಿಸಿದರೋ ತಿಳಿಯದು. ಎಂಟು ದಿನಗಳ ಬಳಿಕ ಚಿಕ್ಕಮ್ಮ ಕರೆ ಮಾಡಿ, ‘ಚಿರತೆ ಇಲ್ಲವೆಂಬ ಸುದ್ದಿ ನಮ್ಮ ಹಳ್ಳಿಗೂ ಬಂತಪ್ಪ, ಯಾರೋ ಕಳುಹಿಸಿದರು’ ಎಂದರು. ಆ ‘ಯಾರೋ’ ಯಾರೆಂದು ಇಂದಿಗೂ ಗೊತ್ತಿಲ್ಲ. ಅವರಿಗೆ ಈ ಅಂಕಣದ ಮೂಲಕ ವಂದನೆಗಳು.